ಅಂಚೆಯಲ್ಲಿ ಹೋದ ಬಾಗಿನ

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಬೇಕು, ಅದನ್ನು ಅಣ್ಣನೋ ತಮ್ಮನೋ ತಗೊಂಡು ಹೋಗಬೇಕು. ನಮ್ಮ ಮನೆ ಪದ್ಧತಿ ಇದು. ಅಪ್ಪ ಇದ್ದಾಗ ಹೊಳೆನರಸೀಪುರದಿಂದ ಅರಕಲಗೂಡಿಗೆ, ನಮ್ಮ ಅತ್ತೆ ಮನೆಗೆ, ಮೊರ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಎರಡು ಸಲ ನಾನೂ ಹೋಗಿದ್ದೆ. ಹೂವಿನ ಪೊಟ್ಟಣ ಹಿಡಿದುಕೊಳ್ಳುವುದು ನನ್ನ ಡ್ಯೂಟಿ. ಬಾಳೆ ಎಲೆ, ಬಾಳೆ ನಾರು, ಮೇಲೆ ಒಂದಿಷ್ಟು ನೀರು ಚಿಮುಕಿಸಿದ್ದು. ಇಳಿಯುವ ಹೊತ್ತಿಗೆ ನನ್ನ ಚಡ್ಡಿ ಒದ್ದೆ, ಹೂವು ಮಾತ್ರ ಈಗಷ್ಟೇ ಕಟ್ಟಿದ ಹಾಗೆ.

ಈಗ ಆ ಸರದಿ ನನ್ನದು. ಆದರೆ ಅಕ್ಕ ಇರೋದು ಪುಣೆಯಲ್ಲಿ. ನಾನು ಹಾಸನದಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವನು. ಅದು ಹೇಗೋ, ಹಬ್ಬದ ವಾರವೇ ರಿಲೀಸ್ ಬಂದು ಕೂರುತ್ತೆ. ಎರಡು ವರ್ಷದ ಹಿಂದೆ ಅಮ್ಮನಿಗೆ ಹೇಳಿದೆ, "ಈ ಸಲ ಪಾರ್ಸಲ್ ಮಾಡೋಣ ಬಿಡು." ಅಮ್ಮ ಏನೂ ಅನ್ನಲಿಲ್ಲ. ಅರಿಶಿನ, ಕುಂಕುಮ, ಗಾಜಿನ ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಎಲ್ಲ ತಂದಿಟ್ಟರು. ನಾನು ಹಳೇ ಶೂ ಡಬ್ಬ ತಂದೆ. ಮಲ್ಲಿಗೆ ಬಾಡಬಾರದು ಅಂತ ಚೆನ್ನಾಗಿ ನೀರು ಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿದೆ. ಡಬ್ಬದ ಮೇಲೆ ಅಮ್ಮ ಕನ್ನಡದಲ್ಲಿ ಚಿ.ಸೌ. ಅಂತ ಶುರು ಮಾಡಿ ಅಕ್ಕನ ಹೆಸರು ಬರೆದರು, ಕೆಳಗೆ ನಾನು ಇಂಗ್ಲಿಷಿನಲ್ಲಿ ವಿಳಾಸ ಬರೆದೆ.

ನಾಲ್ಕನೇ ದಿನ ಅಕ್ಕನಿಂದ ಒಂದು ಫೋಟೊ ಬಂತು: ಕನ್ನಡಿ, ಬಾಚಣಿಗೆ ಅಷ್ಟೇ. "ತಲುಪಿತು ಕಣೋ." ಉಳಿದದ್ದು ಭಾವ ಆಮೇಲೆ ಹೇಳಿದರು. ಮಲ್ಲಿಗೆ ಕಪ್ಪಾಗಿ ಲೋಳೆಯಾಗಿತ್ತಂತೆ, ಕವರಿನಿಂದ ನೀರು ಸೋರಿ ಕುಂಕುಮ ಕರಗಿ ರವಿಕೆ ಕಣಕ್ಕೆಲ್ಲ ಹತ್ತಿತ್ತಂತೆ, ಡಬ್ಬ ಕುಸಿದು ಬಳೆ ಒಡೆದಿತ್ತಂತೆ. ಹಬ್ಬದ ದಿನ ತವರಿನಿಂದ ಒಡೆದ ಬಳೆ! ಸಾಗಿಸಿದವರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಎಲ್ಲ ನನ್ನ ಇಂಜಿನಿಯರಿಂಗು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮುಂದಿನ ವರ್ಷ ಹಟಕ್ಕೆ ಬಿದ್ದೆ. ಹಾಸನದಲ್ಲಿ ರಟ್ಟಿನ ಡಬ್ಬ ಮಾರುವ ಒಬ್ಬರ ಹತ್ತಿರ ಹೋಗಿ ಕೂತೆ. ತ್ರೀ ಪ್ಲೈ ಅಂದರೆ ಎರಡು ಚಪ್ಪಟೆ ಹಾಳೆಯ ನಡುವೆ ಒಂದು ಅಲೆ ಅಲೆಯಾದ ಹಾಳೆ. ಫೈವ್ ಪ್ಲೈನಲ್ಲಿ ಅಲೆ ಎರಡು. ಅಲೆಗಳು ಕಂಬದ ಹಾಗೆ ನೆಟ್ಟಗೆ ನಿಲ್ಲುವಂತೆ ಡಬ್ಬ ಇಟ್ಟರೆ ಮೇಲಿನ ಭಾರ ತಡೆಯುತ್ತೆ. ಆದರೆ ತೇವ ತಗುಲಿತೋ, ಕಂಬ ಮೆತ್ತಗಾಗುತ್ತೆ. ಹೂವಿಗೆ ತಂಪು ಬೇಕು, ಡಬ್ಬ ಒಣಗಿರಬೇಕು; ಇಬ್ಬರನ್ನೂ ಒಂದೇ ಮನೆಯಲ್ಲಿ ಬಾಳಿಸಬೇಕು. ಅವರು ನಕ್ಕು ಹೇಳಿದರು, "ಕಿತ್ತ ಮೇಲೂ ಹೂವು ಉಸಿರಾಡುತ್ತೆ ಸಾರ್. ನೀವು ಬಾಯಿ ಕಟ್ಟಿ ಕಳಿಸಿದ್ದೀರ." ಉಸಿರಾಡಿದ ಹೂವು ಬಿಸಿ, ತೇವ ಎರಡನ್ನೂ ಬಿಡುತ್ತೆ. ಪ್ಲಾಸ್ಟಿಕ್ಕಿನಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲದೆ ಕೊಳೆಯುತ್ತೆ. ಬಾಳೆ ಎಲೆಯ ಪೊಟ್ಟಣದಲ್ಲಿ ಸಂದಿ ಇರುತ್ತೆ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯನ್ನು, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ ಹಾಕಿ, ಬಾಳೆ ಎಲೆ, ನಾರಿನಲ್ಲೇ ಕಟ್ಟಿ ಮುಂಬೈವರೆಗೆ ಕಳಿಸುತ್ತಾರೆ. ಅಪ್ಪನಿಗೆ ಇದೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ, ಅವರು ಸುಮ್ಮನೆ ಬಾಳೆ ಎಲೆ ಸುತ್ತುತ್ತಿದ್ದರು.

ಆದರೂ ಮಲ್ಲಿಗೆ ನಾಲ್ಕು ದಿನ ಬಾಳುವ ಹೂವಲ್ಲ. ಅದನ್ನು ಬಿಟ್ಟೆವು. ಕನಕಾಂಬರ ಹಗುರ, ಬೇಗ ಬಾಡಲ್ಲ. ಅದಕ್ಕೆ ವಾಸನೆ ಇಲ್ಲ ಅಂತ ಅಮ್ಮ ಮಧ್ಯೆ ಮಧ್ಯೆ ಮರುಗ ಸೇರಿಸಿ ಕಟ್ಟಿದರು. ಮರುಗ ಒಣಗಿದರೂ ಘಮ ಬಿಡಲ್ಲ. ಡಬ್ಬಕ್ಕೆ ಪಕ್ಕದಲ್ಲಿ ನಾಲ್ಕು ತೂತು. ಬಳೆ ಬೇರೆ ಖಾನೆಯಲ್ಲಿ, ಕುಂಕುಮ ಮುಚ್ಚಳದ ಡಬ್ಬಿಯಲ್ಲಿ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಪ್ರಿಂಟ್ ಮಾಡಿಸುವ ಆಸೆ ಹುಟ್ಟಿತು. ಡಬ್ಬ ಮಾಡುವವರಿಗೆ ನೂರಿನ್ನೂರು ಅಂದರೆ ಗಿಟ್ಟಲ್ಲ, ಅಚ್ಚು ಮಾಡಿಸಿದರೆ ಸಾವಿರ ತಗೊಳ್ಳಿ ಅಂತಾರೆ. ನಾನು 40 ಬೋಳು ಡಬ್ಬ ಕೊಂಡು ಲಗ್ನಪತ್ರಿಕೆ ಪ್ರಿಂಟ್ ಮಾಡುವ ಅಂಗಡಿಗೆ ಕೊಟ್ಟೆ. ಕನಕಾಂಬರದ ದಂಡೆ, ಕೆಳಗೆ 'ತವರಿನಿಂದ'. ಕಂದು ರಟ್ಟು ಬಣ್ಣವನ್ನು ನುಂಗಿಹಾಕುತ್ತೆ, ನನ್ನ ಕನಕಾಂಬರ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಪರವಾಗಿಲ್ಲ, ಚೆನ್ನಾಗೇ ಕಾಣ್ತಿತ್ತು. (ಈ ಮಡಚುವ ಡಬ್ಬ ಹುಟ್ಟಿದ್ದೇ ಒಂದು ಪ್ರಿಂಟಿಂಗ್ ತಪ್ಪಿನಿಂದ. 1879ರಲ್ಲಿ ಬ್ರೂಕ್ಲಿನ್‌ನ ರಾಬರ್ಟ್ ಗೇರ್ ಎಂಬುವರ ಮುದ್ರಣಾಲಯದಲ್ಲಿ ಕಾಗದದ ಚೀಲಕ್ಕೆ ಮಡಿಕೆ ಹಾಕಬೇಕಿದ್ದ ಲೋಹದ ಪಟ್ಟಿ ಜರುಗಿ ಚೀಲವನ್ನೇ ಕತ್ತರಿಸಿತಂತೆ. ಹಾಗಾದರೆ ಕತ್ತರಿಸೋದು, ಮಡಿಕೆ ಹಾಕೋದು ಎರಡನ್ನೂ ಒಂದೇ ಏಟಿಗೆ ಮಾಡಬಹುದಲ್ಲ ಅಂತ ಅವರಿಗೆ ಹೊಳೆಯಿತು. ನಮ್ಮ ಆಫೀಸಿನಲ್ಲಿ ಬಗ್ ಸಿಕ್ಕರೆ ಬರೀ ಮೀಟಿಂಗ್ ಆಗುತ್ತೆ.)

ವಿಳಾಸವನ್ನೂ ಲೇಬಲ್ ಮೇಲೆ ಟೈಪ್ ಮಾಡಿ ಅಂಟಿಸಿದೆ. "ನಾನೇನು ಬರೀಲಿ?" ಅಂತ ಅಮ್ಮ ಪೆನ್ನು ಹಿಡಿದು ಬಂದರು. "ಏನೂ ಬೇಡಮ್ಮ, ಎಲ್ಲ ಪ್ರಿಂಟ್ ಆಗಿದೆ" ಅಂದೆ.

ಡಬ್ಬ ಸರಿಯಾಗಿ ತಲುಪಿತು. ಅವತ್ತೇ ಅಕ್ಕನ ಫೋನ್. ಹೊಗಳುತ್ತಾಳೆ ಅಂತ ಸ್ಪೀಕರಿಗೆ ಹಾಕಲು ಹೋದೆ, ಪುಣ್ಯಕ್ಕೆ ಹಾಕಿರಲಿಲ್ಲ.

"ಅಮ್ಮನಿಗೆ ಏನಾಗಿದೆ? ನಿಜ ಹೇಳು."

"ಏನೂ ಆಗಿಲ್ಲ, ಯಾಕೆ?"

"ಮತ್ತೆ ಅಮ್ಮನ ಅಕ್ಷರ ಎಲ್ಲೂ ಇಲ್ವಲ್ಲೋ. ಕೈಗೇನಾದ್ರೂ ಆಯ್ತಾ?"

ಅಮ್ಮನ ಕೈಗೆ ಫೋನ್ ಕೊಟ್ಟ ಮೇಲೇ ಅವಳಿಗೆ ಉಸಿರು ಬಂದದ್ದು. ಮೊದಲ ವರ್ಷದ ಡಬ್ಬದಲ್ಲಿ ಎಲ್ಲ ಎಸೆದರೂ ಅಮ್ಮ ಬರೆದಿದ್ದ ಆ ತುಂಡು ರಟ್ಟನ್ನು ಮಾತ್ರ ಕತ್ತರಿಸಿ ದೇವರ ಗೂಡಿನ ಬಾಗಿಲ ಒಳಗೆ ಅಂಟಿಸಿದ್ದಾಳೆ ಅಂತ ಆಗ ಗೊತ್ತಾಯಿತು. ನನ್ನ ಕನಕಾಂಬರದ ಪ್ರಿಂಟ್ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ, ಇವತ್ತಿನವರೆಗೂ.

ಈ ಸಲ ಚನ್ನರಾಯಪಟ್ಟಣದ ಚಿಕ್ಕಮ್ಮ ಆಸ್ಟ್ರೇಲಿಯಾದ ಮಗಳಿಗೆ ಅಂತ ಎರಡು ಡಬ್ಬ ಒಯ್ದರು. ಅಲ್ಲಿಗೆ ಹಸಿ ಹೂವು, ಕಾಳು, ಬೀಜ ಯಾವುದೂ ನಡೆಯಲ್ಲ, ಬಿದಿರಿನ ಮೊರವನ್ನೂ ತಡೆದು ನೋಡುತ್ತಾರೆ ಅಂದಾಗ "ಮತ್ತೆ ಬಾಗಿನ ಅಂತ ಏನು ಕಳಿಸಲಿ?" ಅಂದರು. ಸೀರೆ, ಬಳೆ ಹಾಕಿದ್ದೇವೆ.

ನಮ್ಮ ಡಬ್ಬವನ್ನು ಅಮ್ಮನ ಮುಂದೆ ಬಿಚ್ಚಿಟ್ಟು ಮಾರ್ಕರ್ ಕೊಟ್ಟೆ. ಬಾಲ್ ಪೆನ್ನು ಅಲೆ ಮೇಲೆ ಕುಸಿಯುತ್ತೆ. ಮೇಲೆ ಹೆಸರು ಬರೆದು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಒಳಗಿನ ನಾಲ್ಕು ಮಡಿಕೆಯ ಮೇಲೂ ಬರೆದರು. ಅರಕಲಗೂಡಿನ ಅತ್ತೆಯ ಮಂಡಿನೋವು, ಹಿತ್ತಲಿನ ಮರುಗಕ್ಕೆ ಹುಳ ಬಿದ್ದದ್ದು, ಕಡಲೆಬೇಳೆ ಎಷ್ಟು ಹೊತ್ತು ನೆನೆಸಬೇಕು ಅನ್ನೋದು. ಜಾಗ ಸಾಲದೆ ತೂತಿನ ಸುತ್ತಲೂ ಬಂತು.

ಮೊನ್ನೆ ಕಳಿಸಿದ್ದೇವೆ. ದಿನಕ್ಕೆ ಮೂರು ಸಲ "ಎಲ್ಲಿದೆ ನೋಡೋ" ಅಂತಾರೆ. ಈಗಷ್ಟೇ ನೋಡಿದೆ, ಬೆಂಗಳೂರು ಬಿಟ್ಟಿದೆ.