ಕಟ್ಟಿದವರು ಯಾರು?

ಬೆಳಗಿನ ಕಾಫಿಯ ಲೋಟದ ಪಕ್ಕದಲ್ಲೇ ಟ್ಯಾರೋ ಎಲೆಗಳ ಕಟ್ಟು ಇಟ್ಟುಕೊಂಡು, ಕಲೆಸಿ, ಒಂದನ್ನು ಎಳೆದು, ಅದರ ಚಿತ್ರ ನೋಡುತ್ತಾ ಆತ್ಮಾವಲೋಕನಕ್ಕೆ ಕೂರುವವರು ಈಗ ನಮ್ಮ ಚಿಕ್ಕ ಊರುಗಳಲ್ಲೂ ಇದ್ದಾರೆ. ಕಟ್ಟು ಕೊಳ್ಳದವರಿಗೆ ಮೊಬೈಲೇ ದಿನಕ್ಕೊಂದು ಎಲೆ ಎಳೆದುಕೊಡುತ್ತದೆ. “ಇದು ಭವಿಷ್ಯ ಕೇಳೋದಲ್ಲ ಮೇಡಂ, ನಮ್ಮನ್ನು ನಾವು ನೋಡಿಕೊಳ್ಳೋದು” ಎನ್ನುತ್ತಾರೆ. ಭವಿಷ್ಯವಾಗಿದ್ದರೆ ನನಗೆ ಅಷ್ಟು ತಕರಾರಿರಲಿಲ್ಲ. ಗಿಣಿಶಾಸ್ತ್ರದವನ ಗಿಣಿ ಎಳೆದದ್ದನ್ನು ಅರ್ಧ ನಂಬಿ, ಅರ್ಧ ನಕ್ಕು ಎದ್ದು ಬಂದವರು ನಾವು. ನನಗೆ ಒಪ್ಪಿಗೆಯಾಗದ್ದು ಈ ನೋಡಿಕೊಳ್ಳುವ ಮಾತೇ.

ಹದಿನೈದನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಟ್ಯಾರೋ ಹುಟ್ಟಿದ್ದು ಆಟಕ್ಕಾಗಿ, ನಮ್ಮ ಇಸ್ಪೀಟಿನ ಹಾಗೆ. 1781ರಲ್ಲಿ ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ಲೇಖಕ, ಇದು ಈಜಿಪ್ಟಿನ ಪ್ರಾಚೀನ ಜ್ಞಾನವೆಂದು ಆಧಾರವಿಲ್ಲದೆ ಬರೆದ. ಎಲೆಗಳಿಗೆ ಗಾಂಭೀರ್ಯ ಬಂದದ್ದು ಆಮೇಲೆ. ಇಂದು ಹೆಚ್ಚು ಬಳಕೆಯಲ್ಲಿರುವ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದು. ಅದರ 78 ಚಿತ್ರಗಳನ್ನೂ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಕಟ್ಟಿಗೆ ನಿಂತ ಹೆಸರು ಮಾತ್ರ ಪ್ರಕಾಶಕ ರೈಡರ್ ಮತ್ತು ಬರೆಸಿದ ವೇಟ್ ಅವರದು. ದೊಡ್ಡ ಕೆಲಸ, ಪುಡಿಗಾಸಿನ ಸಂಬಳ ಎಂಬರ್ಥದ ಮಾತನ್ನು ಆಕೆ ಅದೇ ವರ್ಷ ಒಂದು ಕಾಗದದಲ್ಲಿ ಬರೆದಳು. 1951ರಲ್ಲಿ ತೀರಿಕೊಂಡಾಗ ತಲೆಯ ಮೇಲೆ ಸಾಲವಿತ್ತು. ಹಪ್ಪಳ ಒತ್ತಿದವಳು ಒಬ್ಬಳು, ಪೊಟ್ಟಣದ ಮೇಲಿನ ಹೆಸರು ಇನ್ನೊಬ್ಬರದು. ಇದೇನು ನಮಗೆ ಹೊಸದೇ?

ಆಕೆ ಬರೆದ ಎಂಟು ಕತ್ತಿಗಳ ಎಲೆಯನ್ನು ನೋಡಿ. ಒದ್ದೆ ನೆಲದಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಕಣ್ಣಿಗೆ ಬಟ್ಟೆ, ಮೈಗೆ ಬಿಗಿದ ಕಟ್ಟು, ಸುತ್ತ ನೆಟ್ಟ ಕತ್ತಿಗಳು. ಇದಕ್ಕೆ ಇಂದು ಸಾಮಾನ್ಯವಾಗಿ ಹೇಳುವ ಅರ್ಥವೇನು ಗೊತ್ತೇ? ಕಟ್ಟು ಸಡಿಲವಾಗಿದೆ, ಕಾಲು ಬಿಡುವಾಗಿದೆ, ಬಂಧನವೆಲ್ಲ ನಿನ್ನ ಮನಸ್ಸಿನಲ್ಲೇ ಇದೆ! ಕಟ್ಟಿದವರು ಯಾರು ಎಂಬ ಪ್ರಶ್ನೆಯೇ ಇಲ್ಲ.

ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುವ, ನನಗೆ ಮಗಳ ವಯಸ್ಸಿನ ಒಬ್ಬಳಿಗೆ ಒಂದು ದಿನ ಈ ಎಲೆಯೇ ಬಂತು. “ನನ್ನ ಭಯವೇ ನನ್ನ ಕಟ್ಟು” ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಮೂರು ತಿಂಗಳಿಂದ ಆಕೆಗೆ ಸಂಬಳವಿಲ್ಲ. ಸಂಬಳ ತಡೆಹಿಡಿದದ್ದು ಇವಳ ಭಯವೇ? “ಬಾಕಿ ಎಷ್ಟಮ್ಮಾ?” ಎಂದೆ. ಕೂಡಿರಲಿಲ್ಲ. ಕೂಡಿಸಿದೆ: 36,000 ರೂಪಾಯಿ. ಅಷ್ಟು ದಿನದ ಅವಲೋಕನದಲ್ಲಿ ಈ ಒಂದು ಅಂಕಿ ಎಲ್ಲೂ ಬಂದಿರಲಿಲ್ಲ.

ಒರಾಕಲ್ ಎಲೆಗಳದ್ದು ಇನ್ನೊಂದು ಕಥೆ. ಟ್ಯಾರೋದಲ್ಲಾದರೂ ಸಿಡಿಲು ಬಡಿದ ಗೋಪುರವಿದೆ, ಸಾವಿದೆ. ಒರಾಕಲಿಗೆ ಇಂತಿಷ್ಟೇ ಎಲೆ ಎಂಬ ಲೆಕ್ಕವೂ ಇಲ್ಲ. ಮಾಡುವವರಿಗೆ ತೋಚಿದಷ್ಟು, ತೋಚಿದ್ದು. ನಾನು ಕಂಡವುಗಳಲ್ಲಿ ಹೂವು, ದೇವತೆ, “ಕ್ಷಮಿಸು”, “ಬಿಟ್ಟುಬಿಡು”. ಇವನ್ನೆಲ್ಲ ನಮಗೆ ತವರಿನಿಂದ ಕಳಿಸುವಾಗಲೇ ಹೇಳಿ ಕಳಿಸಿರಲಿಲ್ಲವೇ? ಅದಕ್ಕೆ ದುಡ್ಡು ಕೊಟ್ಟು ಎಲೆ ಕೊಳ್ಳಬೇಕೇ? “ಆಡಳಿತ ಮಂಡಳಿಯ ಬಾಗಿಲು ತಟ್ಟು” ಎಂಬ ಎಲೆ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಆ ಬೆಳಗಿನ ಕಾಲು ಗಂಟೆಯನ್ನು ಮಾತ್ರ ಬಿಡಬೇಡಿ. ಕುಕ್ಕರ್ ಕೂಗುವ ಮೊದಲು ನಮ್ಮದೇ ಆಗಿ ಸಿಗುವುದು ಅಷ್ಟೇ. ಬೇಕಿದ್ದರೆ ಎಲೆಯೂ ಇರಲಿ, ಚಿತ್ರಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಎಳೆಯುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಡಿ: ಯಾರಿಂದ, ಎಷ್ಟು, ಯಾವತ್ತಿನಿಂದ.