796 ಸಿಸಿ ಅಂದರೆ ಎಲ್ಲಾ ಎಂಜಿನ್ ಒಂದೇನಾ? ಹಳೇ ಮಾರುತಿ 800ಕ್ಕೆ ಗುಜರಿ ಎಂಜಿನ್ ಹಾಕಿಸುವ ಮುನ್ನ

ಮಾರುತಿ 800 ಇಟ್ಟುಕೊಂಡವರ ಮೊಬೈಲಿಗೆ ಒಂದಲ್ಲ ಒಂದು ದಿನ ಮೂರು ಬಗೆಯ ಫಾರ್ವರ್ಡ್ ಬಂದೇ ಬರುತ್ತವೆ. "15 ವರ್ಷ ದಾಟಿದ ಕಾರಿಗೆ ಎಂಜಿನ್ ಹಾಕಿಸಿದರೆ ಆರ್‌ಟಿಓದವರು ಎತ್ತಿಕೊಂಡು ಹೋಗುತ್ತಾರೆ" ಎನ್ನುವುದು ಮೊದಲನೆಯದು. "ಎಂಜಿನ್ ಬದಲಿಸಿದರೆ ಯಾರಿಗೂ ಹೇಳಬೇಕಿಲ್ಲ, ನಿಮ್ಮ ಗಾಡಿ ನಿಮ್ಮಿಷ್ಟ" ಎನ್ನುವುದು ಎರಡನೆಯದು. "ಓಮ್ನಿ, ಆಲ್ಟೊ, 800 ಎಲ್ಲಾ 796 ಸಿಸಿ, ಯಾವುದನ್ನು ಬೇಕಾದರೂ ಕೂರಿಸಬಹುದು" ಎನ್ನುವುದು ಮೂರನೆಯದು. ಮೂರೂ ತಪ್ಪು. ಇವನ್ನು ನಂಬಿ ಹತ್ತಾರು ಸಾವಿರ ಕಳೆದುಕೊಳ್ಳುವುದು ಸುಲಭವಾದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

1983ರ ಡಿಸೆಂಬರ್ 14ರಂದು ರಸ್ತೆಗಿಳಿದ ಈ ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಷ್ಟರೊಳಗೆ 25 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದಿದ್ದವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಇವತ್ತಿಗೂ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಇದೇ ಗಾಡಿಯಲ್ಲಿ ಹೋಗುವ ಮನೆಗಳಿವೆ. ಅಪ್ಪ ಕೊಂಡ ಕಾರು ಎಂಬ ಅಭಿಮಾನವೂ ಇರುತ್ತದೆ, ಬೇರೆ ಕಾರು ಕೊಳ್ಳುವ ದುಡ್ಡು ಇಲ್ಲದಿರುವುದೂ ಇರುತ್ತದೆ. ಹಾಗಾಗಿ ಗ್ಯಾರೇಜಿನಲ್ಲಿ "ಎಂಜಿನ್ ಹೋಗೇತ್ರೀ, ಬ್ಯಾರೇದ ಹಾಕಸ್ರಿ" ಎಂಬ ಮಾತು ಕೇಳಿದೊಡನೆ ಮನೆಯವರು ಗುಜರಿಯ ದಾರಿ ಹಿಡಿಯುತ್ತಾರೆ.

ಗುಜರಿಗೆ ಹೋಗುವ ಮೊದಲು ಒಂದು ಪ್ರಶ್ನೆ: ಎಂಜಿನ್ ನಿಜವಾಗಿ ಹೋಗಿದೆಯೇ? ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಉರಿಯುತ್ತಿದೆ ಎಂದರ್ಥ. ಅದು ಬಹುತೇಕ ಕಾರ್ಬುರೇಟರ್ ಅಥವಾ ಏರ್ ಫಿಲ್ಟರ್ ಕೆಲಸ. ಬಿಳಿ ಹೊಗೆ ನಿಲ್ಲದೆ ಬಂದು, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಅದರಲ್ಲೂ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್ ಸವೆದಿರಬಹುದು, ಅದು ಸಣ್ಣ ಖರ್ಚು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗ್, ಬೋರ್ ಸವೆದಿವೆ. ಆಗಲೂ ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸುವ ದಾರಿ ಇದೆ. ನಮ್ಮ ಅಭಿಪ್ರಾಯ ಕೇಳಿದರೆ, ಬ್ಲಾಕ್ ಒಡೆದಿಲ್ಲ, ಕ್ರ್ಯಾಂಕ್ ಕೆಟ್ಟಿಲ್ಲ ಎಂದಾದರೆ ಗುರುತಿಲ್ಲದ ಎಂಜಿನ್‌ಗಿಂತ ನಿಮ್ಮದೇ ಎಂಜಿನ್ ರಿಪೇರಿ ಮಾಡಿಸುವುದು ಒಳ್ಳೆಯದು. ಅದರ ಚರಿತ್ರೆ ನಿಮಗೆ ಗೊತ್ತಿದೆ, ಅದರ ನಂಬರ್ ಆರ್‌ಸಿಯಲ್ಲಿದೆ.

ನಮ್ಮ ಕಡೆ ಎಂಜಿನ್ ಬೇಗ ಬಿಸಿಯಾಗಿ ಕೆಡಲು ಒಂದು ಕಾರಣ ಬೋರ್‌ವೆಲ್ ನೀರು. ಚಹಾ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕೂರುತ್ತದೆ. ಗಡಸು ನೀರು ಕಾದಾಗ ಅದರಲ್ಲಿನ ಕ್ಯಾಲ್ಸಿಯಂ ಲವಣ ಬೇರ್ಪಟ್ಟು ಗೋಡೆಗೆ ಅಂಟುತ್ತದೆ, ನೀರು ಹರಿಯುವ ದಾರಿ ಕಿರಿದಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಅಲ್ಯೂಮಿನಿಯಂ ಹೆಡ್ ವಿಪರೀತ ಕಾದು ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಬದಲಿ ಎಂಜಿನ್ ಹಾಕಿಸಿ ಮತ್ತೆ ಅದೇ ಹಳೇ ರೇಡಿಯೇಟರ್, ಅದೇ ಬೋರ್ ನೀರು ಬಳಸಿದರೆ ಅದಕ್ಕೂ ಅದೇ ಗತಿ. ರೇಡಿಯೇಟರ್ ಸ್ವಚ್ಛ ಮಾಡಿಸಿ, ಕೂಲಂಟ್ ಹಾಕಿಸಿ.

ಈಗ 796 ಸಿಸಿ ವಿಷಯಕ್ಕೆ ಬರೋಣ. ಸಿಸಿ ಎಂದರೆ ಪಿಸ್ಟನ್‌ಗಳು ಮೇಲೆ ಕೆಳಗೆ ಆಡುವ ಜಾಗದ ಅಳತೆ, ಅಷ್ಟೇ. ಎರಡು ಕೊಡಗಳಲ್ಲಿ ಒಂದೇ ಅಳತೆಯ ನೀರು ಹಿಡಿದರೂ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರಬೇಕೆಂದಿಲ್ಲ. ಹೆಚ್ಚಿನ ಮಾರುತಿ 800ಗಳಲ್ಲಿರುವುದು ಸುಜುಕಿಯ ಎಫ್8ಬಿ: ಮೂರು ಸಿಲಿಂಡರ್, ಆರು ವಾಲ್ವ್. 2000ದಲ್ಲಿ ಬಂದ ಆಲ್ಟೊದಲ್ಲಿದ್ದದ್ದು ಎಫ್8ಡಿ: ಅದೇ 796 ಸಿಸಿ, ಆದರೆ 12 ವಾಲ್ವ್, ಹೆಡ್ ಬೇರೆ. ಐದು ಗೇರಿನ ಕೆಲವು 800ಗಳಿಗೂ ಇದೇ ಬಂದಿತ್ತು. ಓಮ್ನಿಯಲ್ಲಿ ಇರುವುದು 800ರ ಎಂಜಿನ್ನೇ ಎಂಬುದು ಮುಕ್ಕಾಲು ನಿಜ. ಆದರೆ ಓಮ್ನಿಯಲ್ಲಿ ಅದು ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ, 800ರಲ್ಲಿ ಬಾನೆಟ್ ಕೆಳಗೆ ಅಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಹಾಗಾಗಿ ಒಳಗಿನ ಭಾಗಗಳು ಹೊಂದಿದರೂ ಹೊರಗಿನ ಎಲ್ಲವೂ ಹೊಂದುವುದಿಲ್ಲ, ಅದಲು ಬದಲು ಮಾಡುವುದರಲ್ಲೇ ಕೂಲಿ ಏರುತ್ತದೆ.

ಕಾರ್ಬುರೇಟರ್ ಗಾಡಿಗೆ ಎಂಪಿಎಫ್‌ಐ ಎಂಜಿನ್ ತಂದರೆ ತಲೆನೋವು ಇನ್ನೂ ದೊಡ್ಡದು. ಅದಕ್ಕೆ ಕಂಪ್ಯೂಟರ್, ಸೆನ್ಸರ್, ವೈರಿಂಗ್, ಟ್ಯಾಂಕಿನ ಪಂಪ್ ಎಲ್ಲವೂ ಬೇಕು. ಹಾಗಾಗಿ "800ರ ಎಂಜಿನ್ ಬೇಕು" ಎಂದಷ್ಟೇ ಕೇಳಬೇಡಿ. ಯಾವ ವರ್ಷದ್ದು, ಕಾರ್ಬುರೇಟರೋ ಎಂಪಿಎಫ್‌ಐಯೋ, ನಾಲ್ಕು ಗೇರೋ ಐದು ಗೇರೋ, ಹಾಫ್ ಎಂಜಿನ್ನೋ ಫುಲ್ ಎಂಜಿನ್ನೋ ಎಂದು ಹೇಳಿ ಕೇಳಿ.

ಹುಬ್ಬಳ್ಳಿ, ವಿಜಯಪುರ, ಸೋಲಾಪುರ ಎಲ್ಲಿಗೇ ಹೋಗಿ, "ಬರೀ 40 ಸಾವಿರ ಕಿಲೋಮೀಟರ್ ಓಡೇತಿ" ಎಂಬ ಮಾತು ಕೇಳಬಹುದು. ಕಿಲೋಮೀಟರ್ ಲೆಕ್ಕ ಇಡುವ ಮೀಟರ್ ಇರುವುದು ಡ್ಯಾಶ್‌ಬೋರ್ಡಿನಲ್ಲಿ. ನೆಲದ ಮೇಲಿಟ್ಟ ಎಂಜಿನ್‌ಗೆ ತಾನೆಷ್ಟು ಓಡಿದ್ದೇನೆಂದು ಹೇಳುವ ಯಾವ ಸಾಧನವೂ ಇಲ್ಲ. ಸಿಲ್ವರ್ ಬಣ್ಣದ ಹೊಳಪೂ ಏನನ್ನೂ ಹೇಳುವುದಿಲ್ಲ.

ಹೇಳುವುದು ಕಂಪ್ರೆಷನ್ ಗೇಜ್. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅಲ್ಲಿ ಗೇಜ್ ಕೂರಿಸಿ ಎಂಜಿನ್ ತಿರುಗಿಸಿದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆಂದು ತಿಳಿಯುತ್ತದೆ. ಮೂರೂ ಹತ್ತಿರಹತ್ತಿರ ಇರಬೇಕು. ಒಂದು ಬಹಳ ಕಡಿಮೆ ಇದ್ದರೆ ಆ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಸವೆದಿದೆ, ಏಕೆಂದರೆ ಆಯಿಲ್ ಸಂದು ಮುಚ್ಚಿತು. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆಯ ದೋಷ. ಸಾಧ್ಯವಿದ್ದರೆ ಗಾಡಿಯಲ್ಲಿ ಇರುವಾಗಲೇ, ಅದೂ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಕೇಳಿ. ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ, ದಪ್ಪನೆಯ ಆಯಿಲ್ ತುಂಬಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಿರಿ. ಅಂಥ ಆಯಿಲ್ ಹೊಗೆಯನ್ನೂ ಬೇರಿಂಗ್ ಸದ್ದನ್ನೂ ಕೆಲ ದಿನ ಅಡಗಿಸುತ್ತದೆ.

ನೀರಿನಲ್ಲಿ ಮುಳುಗಿದ ಎಂಜಿನ್

ನಮ್ಮ ಜಿಲ್ಲೆಯವರು ಇದನ್ನು ವಿಶೇಷವಾಗಿ ನೋಡಬೇಕು. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ತೀರದ ಊರುಗಳಿಗೆ ನೀರು ನುಗ್ಗಿತ್ತು. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಸುತ್ತಲೂ ನೀರು ನಿಂತಿತ್ತು. ಇಂಥ ನೆರೆಯಲ್ಲಿ ಮುಳುಗಿದ ಗಾಡಿಗಳ ಎಂಜಿನ್‌ಗಳೂ ಕೊನೆಗೆ ಗುಜರಿ ಸೇರುತ್ತವೆ.

ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಓಡುತ್ತಿರುವ ಎಂಜಿನ್ ನೀರು ಕುಡಿದರೆ ಪಿಸ್ಟನ್ ಮೇಲೆ ಬರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ವಲ್ಪವೇ ಬಾಗಿದ್ದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಗ್ಯಾರೇಜಿನಲ್ಲಿ ಚೆನ್ನಾಗಿಯೇ ಓಡುತ್ತದೆ, ಹೆದ್ದಾರಿಯಲ್ಲಿ ಒಂದು ದಿನ ರಾಡ್ ಮುರಿದು ಬ್ಲಾಕ್ ಒಡೆಯುತ್ತದೆ. ಬಾಗಿದ ರಾಡ್ ಗಿಡ್ಡವಾಗುವುದರಿಂದ ಆ ಸಿಲಿಂಡರಿನ ಕಂಪ್ರೆಷನ್ ಕಡಿಮೆ ತೋರಿಸುತ್ತದೆ. ಪ್ಲಗ್ ರಂಧ್ರದಿಂದ ಟಾರ್ಚ್ ಬಿಟ್ಟು ತುಕ್ಕು ಇದೆಯೇ ನೋಡಿ. ಫ್ಲೈವೀಲ್ ಇರುವ ಮೂಲೆ, ಬೋಲ್ಟ್ ಸಂದುಗಳಲ್ಲಿ ಒಣಗಿದ ಕೆಸರು, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಡಿಪ್‌ಸ್ಟಿಕ್‌ನಲ್ಲಿ ಹಾಲಿನಂಥ ಆಯಿಲ್, ಇವುಗಳಲ್ಲಿ ಒಂದು ಕಂಡರೂ ಬಿಟ್ಟು ಬನ್ನಿ.

ಕಾನೂನು ಏನು ಹೇಳುತ್ತದೆ?

15 ವರ್ಷದ ಪೆಟ್ರೋಲ್ ಗಾಡಿಗೆ ನಿರ್ಬಂಧ ಬಂದದ್ದು ದೆಹಲಿ ರಾಜಧಾನಿ ವಲಯದಲ್ಲಿ, ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟ್ ಆದೇಶಗಳಿಂದ. ಅದನ್ನೇ ಇಡೀ ದೇಶಕ್ಕೆ ಅನ್ವಯಿಸಿ ಹರಡಲಾಗುತ್ತಿದೆ. ಕರ್ನಾಟಕದಲ್ಲಿ 15 ವರ್ಷದ ಬಳಿಕ ಗಾಡಿ ತಪಾಸಣೆ ಮಾಡಿಸಿ, ಶುಲ್ಕ, ತೆರಿಗೆ ಕಟ್ಟಿ ನೋಂದಣಿ ನವೀಕರಿಸಿದರೆ ಓಡಿಸಬಹುದು. ಖರ್ಚಿನ ಲೆಕ್ಕದಲ್ಲಿ ಈ ಶುಲ್ಕವನ್ನೂ ಸೇರಿಸಿಕೊಳ್ಳಿ, ಇತ್ತೀಚಿನ ವರ್ಷಗಳಲ್ಲಿ ಅದು ಬಹಳ ಏರಿದೆ.

ಎಂಜಿನ್ ಬದಲಿಸಿದರೆ ಹೇಳಬೇಕಿಲ್ಲ ಎಂಬುದೂ ಸುಳ್ಳು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆಯನ್ನು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು. ಕೆಎ-29 ಗಾಡಿಯಾದರೆ ಬಾಗಲಕೋಟೆ ಆರ್‌ಟಿಓ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಯಾವ ಕಾಗದ ಬೇಕೆಂದು ತಿಳಿದ ಮೇಲೆ ಎಂಜಿನ್ ಕೊಳ್ಳಿ. ಬರೆಸದಿದ್ದರೆ ಅಪಘಾತವಾದಾಗ ವಿಮೆ ಕಂಪನಿ ನಂಬರ್ ಹೊಂದುತ್ತಿಲ್ಲ ಎಂದು ತಕರಾರು ತೆಗೆಯಬಹುದು, ನವೀಕರಣದ ತಪಾಸಣೆಯಲ್ಲೂ ಸಿಕ್ಕಿಬೀಳುತ್ತದೆ.

ಕದ್ದ ಗಾಡಿಯ ಎಂಜಿನ್ ಆಗಿದ್ದರಂತೂ ಕಥೆಯೇ ಬೇರೆ. ಕಳವಿನ ಮಾಲು ಎಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಅಡಿ ಅಪರಾಧ. ನನಗೆ ಗೊತ್ತಿರಲಿಲ್ಲ ಎಂದು ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರಬೇಕು. ಎಂಜಿನ್ ನಂಬರ್ ಬರೆದ ಬಿಲ್, ಅದು ಬಂದ ಗಾಡಿಯ ಆರ್‌ಸಿ ನಕಲು, ಮಾರಿದವರ ಗುರುತಿನ ಚೀಟಿ ಪ್ರತಿ ಕೇಳಿ ಪಡೆಯಿರಿ. ಬ್ಲಾಕ್ ಮೇಲಿನ ನಂಬರನ್ನು ನೀವೇ ಒರೆಸಿ ಓದಿ, ಫೋಟೊ ತೆಗೆಯಿರಿ. ಅದನ್ನು ಉಜ್ಜಿದ್ದರೆ, ಮತ್ತೆ ಗುದ್ದಿದಂತಿದ್ದರೆ ಎಷ್ಟೇ ಅಗ್ಗವಾದರೂ ಬೇಡ. "ಬಿಲ್ ಯಾಕ ಬೇಕ್ರಿ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?" ಎಂದವರಿಗೆ ಆರ್‌ಟಿಓದವರು ಕೇಳುತ್ತಾರೆ ಎಂದರೆ ಸಾಕು, ಜಗಳವಿಲ್ಲ.

ಇಳಿಸಿದ ಹಳೇ ಎಂಜಿನ್ನನ್ನೂ ಸುಮ್ಮನೆ ಗ್ಯಾರೇಜಿನ ಮೂಲೆಯಲ್ಲಿ ಬಿಟ್ಟು ಬರಬೇಡಿ. ಅದರ ನಂಬರ್ ಇಷ್ಟು ವರ್ಷ ನಿಮ್ಮ ಹೆಸರಿನಲ್ಲಿತ್ತು. ಗುಜರಿಗೆ ಕೊಟ್ಟರೆ ನಂಬರ್, ದಿನಾಂಕ ಬರೆಸಿ ಅದಕ್ಕೂ ಒಂದು ರಸೀದಿ ತೆಗೆದುಕೊಂಡು ಆರ್‌ಸಿ ಜೊತೆ ಇಡಿ.