ಅಣುಬಾಂಬಿನ ಕಾಲಕ್ಕೆ ಮಣ್ಣಿನ ಗೋಡೆ

2025ರ ಮೇ 7ರಂದು ದೇಶದ ಅನೇಕ ಜಿಲ್ಲೆಗಳಲ್ಲಿ ಸೈರನ್ ಊದಿ, ದೀಪ ಆರಿಸಿ ನಾಗರಿಕ ರಕ್ಷಣೆಯ ತಾಲೀಮು ನಡೆಯಿತು. ಆ ದಿನಗಳಲ್ಲಿ ಮಠಕ್ಕೆ ಬಂದ ಹಿರಿಯರೊಬ್ಬರು, "ಬುದ್ಧೀ, ಅಣುಬಾಂಬೇ ಬಿದ್ದರೆ ಈ ತಾಲೀಮಿನಿಂದ ಏನು ಫಲ? ಹಣೆಬರಹ ಇದ್ದಂತಾಗುತ್ತದೆ" ಎಂದರು. ಕಾಯಕವನ್ನು ನಂಬಿದವರ ಬಾಯಲ್ಲಿ ಈ ಮಾತು ಶೋಭಿಸದು.

ಬಾಂಬು ಬಿದ್ದ ಸ್ಥಳದ ಮಾತು ಬೇರೆ. ದೂರದ ಹಳ್ಳಿಗೆ ಬರುವುದು ಗಾಳಿಯಲ್ಲಿ ತೇಲುವ ವಿಕಿರಣದ ಧೂಳು. 1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಹೈಡ್ರೋಜನ್ ಬಾಂಬನ್ನು ಪರೀಕ್ಷಿಸಿದಾಗ, ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಗಿನ ರೊಂಗೆಲಾಪ್ ದ್ವೀಪದ ಮೇಲೆ ಕೆಲವೇ ಗಂಟೆಗಳಲ್ಲಿ ಬಿಳಿಯ ಬೂದಿ ಸುರಿಯಿತು. ಅದೇನೆಂದು ಅಲ್ಲಿನ ಜನರಿಗೆ ತಿಳಿಯದು. ಮಕ್ಕಳು ಅದರಲ್ಲೇ ಆಡಿದರು. ಕುಡಿಯುವ ನೀರಿಗೂ ಅದು ಬಿತ್ತು. ಅವರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನಗಳ ನಂತರ. ಮೈ ಸುಟ್ಟು ಹುಣ್ಣಾಯಿತು, ಕೂದಲು ಉದುರಿತು. ಮುಂದೆ ಆ ಮಕ್ಕಳಲ್ಲಿ ಬಹುಪಾಲು ಮಂದಿಗೆ ಥೈರಾಯ್ಡ್ ಗ್ರಂಥಿಯಲ್ಲಿ ಗಂಟುಗಳಾದವು.

ಕಳೆದುಹೋದ ಆ ಎರಡು ದಿನಗಳೇ ಮುಖ್ಯ. ಸ್ಫೋಟವಾದ ಒಂದು ಗಂಟೆಗೆ ಈ ಧೂಳಿಗಿರುವ ತೀಕ್ಷ್ಣತೆ ಏಳು ಗಂಟೆಗೆ ಹತ್ತರಲ್ಲೊಂದು ಪಾಲಿಗೆ, ಎರಡು ದಿನಕ್ಕೆ ಸುಮಾರು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಅಷ್ಟು ಹೊತ್ತು ದಪ್ಪ ಗೋಡೆಯ ಒಳಗೆ, ನಡುಮನೆಯಲ್ಲಿ, ಕಿಟಕಿ ಬಾಗಿಲು ಮುಚ್ಚಿ ಕುಳಿತವರು ಉಳಿಯುವ ಸಂಭವ ಬಹಳ ಹೆಚ್ಚು. ನಮ್ಮ ಹಿರಿಯರು ಕಟ್ಟಿದ ಮಣ್ಣಿನ ಮಾಳಿಗೆ ಮನೆ ತಗಡಿನ ಮನೆಗಿಂತ ಎಷ್ಟೋ ಪಾಲು ಹೆಚ್ಚು ವಿಕಿರಣ ತಡೆದೀತು. ಹಳೆಯ ಮನೆ ಕೆಡವಲು ಅವಸರಪಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಹೊಲದಿಂದ ಬಂದವರು ಮೇಲುಡುಪನ್ನು ಹೊರಗೇ ಕಳಚಿ, ಸೋಪು ಹಚ್ಚಿ ತಲೆ ಮೈ ತೊಳೆದುಕೊಳ್ಳಬೇಕು. ಚರ್ಮ ಕಿತ್ತುಬರುವಂತೆ ಉಜ್ಜಬಾರದು. ಮುಚ್ಚಿಟ್ಟ ನೀರು, ಮುಚ್ಚಿಟ್ಟ ಆಹಾರ ಮಾತ್ರ. ದನಗಳಿಗೂ ಕೊಟ್ಟಿಗೆಯೇ, ಒಳಗಿಟ್ಟ ಮೇವೇ. 2011ರಲ್ಲಿ ಜಪಾನಿನ ಫುಕುಶಿಮಾ ಅವಘಡದ ಸುದ್ದಿ ಕೇಳಿ ಚೀನಾದಲ್ಲಿ ಜನ ಅಯೋಡಿನ್ ಉಪ್ಪಿಗೆ ಮುಗಿಬಿದ್ದರು. ಅದು ಔಷಧವಲ್ಲ. ಅಯೋಡಿನ್ ಮಾತ್ರೆಯೂ ಥೈರಾಯ್ಡ್ ಒಂದನ್ನೇ ಕಾಯುತ್ತದೆ. ಅಧಿಕಾರಿಗಳು ಹೇಳಿದಾಗಲೇ ನುಂಗಬೇಕು.

ಎಲ್ಲಕ್ಕಿಂತ ಕಷ್ಟದ್ದು ಒಂದಿದೆ. ಮಗು ಶಾಲೆಯಲ್ಲಿದ್ದರೆ ತಾಯಿ ಓಡದೆ ಇರುವಳೇ? ಆದರೂ ಓಡಬಾರದು. ಶಾಲೆಯ ಗೋಡೆಯೂ ಗೋಡೆಯೇ. ಹೊರಗೆ ಹೊರಟರೆ ಇಬ್ಬರೂ ಧೂಳಿನಲ್ಲಿ. ಆದುದರಿಂದ ಮಕ್ಕಳನ್ನು ಒಳಗೇ ಇರಿಸಿಕೊಳ್ಳುವಂತೆ ಮೇಷ್ಟರೊಡನೆ ಈಗಲೇ ಮಾತಾಡಿಡಿ.

ಕರೆಂಟು, ಮೊಬೈಲು ನಿಂತಾಗ ಸರಕಾರದ ಸೂಚನೆ ಕೇಳಲು ರೇಡಿಯೋ ಬೇಕೆಂದೆವು. ಆ ಹಿರಿಯರು ಏಳುವಾಗ, "ನಮ್ಮ ಹಳೇ ರೇಡಿಯೋ ಅಟ್ಟದ ಮೇಲಿದೆ ಬುದ್ಧೀ, ಅದಕ್ಕೆ ಹಾಕುವ ಸೆಲ್ಲು ಈಗಲೂ ಸಿಗುತ್ತವೆಯೇ?" ಎಂದು ಕೇಳಿದರು. ಸಿಗುತ್ತವೆ, ಸಂತೆಯಲ್ಲೇ ಸಿಗುತ್ತವೆ.